ಬಲಕ್ಕೆ ವಾಲಿದ ಗುಡ್ಡ

"ಬರೀಬೇಡಿ ಚಿಕ್ಕಪ್ಪಾ, ಸ್ವಲ್ಪ ತಡೀರಿ," ಎಂದು ಮಗಳು ಕಾಗದದ ಮೇಲೆ ಅಂಗೈ ಇಟ್ಟಳು.

ಅಪ್ಪನ ಮರಣ ನೋಂದಣಿಯ ಅರ್ಜಿ. ವಯಸ್ಸು, ವಿಳಾಸ ಎಲ್ಲ ತುಂಬಿ ಚಿಕ್ಕಪ್ಪನ ಪೆನ್ನು 'ಕಸುಬು' ಎಂಬಲ್ಲಿಗೆ ಬಂದು ನಿಂತಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು; ತಲೆದೆಸೆಯಲ್ಲಿ ಅಮ್ಮ ಕೂತಿದ್ದಳು.

"ತಡೆಯೋದೇನು? ಗುಮಾಸ್ತ. ಮೂವತ್ತೆರಡು ವರ್ಷ ಬುತ್ತಿ ಹಿಡ್ಕೊಂಡು ಹೋಗಿ ಬಂದ, ಒಂದು ಬಡ್ತಿ ಕಾಣಲಿಲ್ಲ ಪುಣ್ಯಾತ್ಮ. ನಮ್ಮಣ್ಣ ಹಸು ಅಂದ್ರೆ ಹಸು."

"ಅಪ್ಪ ಗುಮಾಸ್ತ ಅಲ್ಲ. ನೋಟು ಅಚ್ಚು ಹಾಕೋ ಉಕ್ಕಿನ ತಗಡಿನ ಮೇಲೆ ಚಿತ್ರ ಕೊರೀತಿದ್ರು."

ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದ. "ಇನ್ನೂ ಬಿಟ್ಟಿಲ್ವೇನೇ ಆ ಬುರುಡೇನ?"

*

ಆಗ ಅವಳಿಗೆ ಒಂಬತ್ತು. ಅಪ್ಪ ಒಂದೇ ಒಂದು ಸಲ, ಸಂತೋಷ ತಡೆಯಲಾರದೆ, ಐದರ ನೋಟಿನ ದೋಣಿಯ ಚಿತ್ರ ತನ್ನ ಕೈಯದೆಂದು ಬಾಯಿಬಿಟ್ಟಿದ್ದ. ಮರುದಿನ ಇಡೀ ತರಗತಿಗೆ ಸುದ್ದಿ. ಯಾರೂ ನಂಬಲಿಲ್ಲ. ಮೇಷ್ಟ್ರು ಅಪ್ಪನನ್ನೇ ಕರೆಸಿದರು. ಅಪ್ಪ ತರಗತಿಯ ಬಾಗಿಲಲ್ಲೇ ನಿಂತ, ಅವಳತ್ತ ನೋಡಲೂ ಇಲ್ಲ.

"ಮಕ್ಕಳು ಏನೋ ಹೇಳ್ತಾವೆ ಮೇಷ್ಟ್ರೇ. ನಾನು ಬರೀ ಗುಮಾಸ್ತ."

ತರಗತಿಗೆ ತರಗತಿಯೇ ನಕ್ಕಿತು. ಶಾಲೆ ಮುಗಿಯುವತನಕ ಅವಳು 'ಬುರುಡೆ ರಾಣಿ'. ಅಪ್ಪನ ಜೊತೆ ಮಾತು ಅಂದಿನಿಂದ ಅಳೆದು ತೂಗಿದಂತಾಯಿತು: ಊಟ ಆಯ್ತಾ, ಆಯ್ತು. ಮೊನ್ನೆ ಆಸ್ಪತ್ರೆಯಲ್ಲೂ ಅಷ್ಟೇ.

*

ಹತ್ತು ಗಂಟೆಗೆ ಗಾಜುಕಣ್ಣ ಬಂದರು. ಅಪ್ಪನ ಪಕ್ಕದ ಮೇಜಿನಲ್ಲೇ ಕೂತು ಕೊರೆದವರು. ಅವರ ದಪ್ಪ ಕನ್ನಡಕಕ್ಕೆ ಅಪ್ಪನೇ ಇಟ್ಟ ಹೆಸರು. ಅಪ್ಪನ ಬಲಗೈ ಎತ್ತಿ, ಉಳಿಯ ಹಿಡಿ ಒತ್ತಿ ಒತ್ತಿ ಎದ್ದ, ನಿವೃತ್ತಿಯಾಗಿ ಹತ್ತು ವರ್ಷವಾದರೂ ಕರಗದ ಜಡ್ಡನ್ನು ಸವರಿ, ಮೆಲ್ಲಗೆ ಕೆಳಗಿಟ್ಟರು.

"ಚಿಕ್ಕಪ್ಪನ ಮುಂದೆ ಒಂದು ಮಾತು ಹೇಳಿ ಮಾಮ. ಒಂದೇ ಮಾತು."

"ಆಣೆ ಮಾಡಿದೀವಿ ಮಗಳೇ. ಯಾರ ಕೈ ಕೊರೆದದ್ದು ಅಂತ ಗೊತ್ತಾದ್ರೆ ಕಳ್ಳನೋಟಿನವರು ಮನೆ ಬಾಗಿಲಿಗೇ ಬರ್ತಾರೆ. ಹೆಂಡ್ತಿ ಮಕ್ಕಳ ಕುತ್ತಿಗೆಗೆ ಬರುತ್ತೆ."

"ಅಪ್ಪನೇ ಹೋದ ಮೇಲೆ ಇನ್ಯಾವ ಆಣೆ? ನನ್ನನ್ನ ಸುಳ್ಳುಬುರುಕಿ ಮಾಡಿ ಹೋದ್ರು. ಅವರಿಗೆ ಒಂದು ಚೂರೂ ಅನ್ನಿಸಲಿಲ್ಲ."

ಗಾಜುಕಣ್ಣ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಆ ಮಧ್ಯಾಹ್ನ ನಿನ್ನ ಶಾಲೆಯಿಂದ ನೇರ ಕೆಲಸಕ್ಕೇ ಬಂದ. ಹೊಸ ನೋಟಿಗೆ ನಾಡಿನ ಗುಡ್ಡ ಒಂದು ಬೇಕು ಅಂದಿದ್ರು. ನಿಮ್ಮಮ್ಮನ ಊರಿನದೇ ಆರಿಸಿ, ಹದಿನೈದು ದಿನ ಅದರ ಎದುರು ಕೂತು ಚಿತ್ರ ಬರ್ಕೊಂಡು ಬಂದಿದ್ದ. ಉಕ್ಕಿನ ಮೇಲೆ ಎಲ್ಲಾನೂ ತಿರುಗುಮುರುಗಾಗಿ ಕೊರೀಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಬರೋದು. ಅದಕ್ಕೇ ಚಿತ್ರಾನ ಕನ್ನಡೀಲಿ ನೋಡ್ಕೊಂಡು ಕೊರೀತೀವಿ. ಅವತ್ತು ನಿಮ್ಮಪ್ಪ ಕನ್ನಡಿ ಇಡೋದನ್ನೇ ಮರೆತ. 'ಎಲ್ಲರೆದುರು ಮಗು ತಲೆ ತಗ್ಗಿಸೋ ಹಾಗೆ ಮಾಡಿಬಿಟ್ಟೆ ಕಣೋ' ಅಂತ ಅದನ್ನೇ ಹೇಳ್ತಾ ಹೇಳ್ತಾ ಗುಡ್ಡದ ಹೊರಗೆರೆ ಕೊರೆದ. ಅಚ್ಚಾದ ಮೇಲೆ ನೋಡಿದ್ರೆ, ಎಡಕ್ಕೆ ವಾಲಬೇಕಾದ ಗುಡ್ಡ ಬಲಕ್ಕೆ ವಾಲಿದೆ! ಸಾಹೇಬರು 'ಗುಡ್ಡಕ್ಕೆ ಎಡ ಯಾವುದು ಬಲ ಯಾವುದು, ಬಿಡ್ರೀ' ಅಂದ್ರು. ಅವನ ಜೀವಮಾನದಲ್ಲಿ ಅದೊಂದೇ ತಪ್ಪು."



"ನನಗೆ ಗೊತ್ತಿತ್ತು," ಎಂದಳು ತಲೆದೆಸೆಯಲ್ಲಿ ಕೂತಿದ್ದ ಅಮ್ಮ. "ನೋಟು ಕೈಗೆ ಬಂದ ದಿನವೇ ಕಂಡೆ. ನಮ್ಮೂರ ಗುಡ್ಡ ನನಗೆ ಗೊತ್ತಾಗಲ್ವಾ? ಯಾಕೆ ಹಾಗಾಯ್ತು ಅಂತ ಮಾತ್ರ ತಿಳೀಲಿಲ್ಲ. ಕೇಳಿದ್ರೆ ಊಟ ಬಿಟ್ಟು ಕೊರಗ್ತಾರೆ ಅಂತ ಸುಮ್ಮನಿದ್ದೆ."

ಚಿಕ್ಕಪ್ಪ ಬಾಗಿಲು ತಳ್ಳಿದ. "ಗಾಡಿ ಬಂತು. ಏನಮ್ಮಾ, ಏನಂತ ಬರೀಲಿ?"

ಗಾಜುಕಣ್ಣ ಚಿಕ್ಕಪ್ಪನತ್ತ ತಿರುಗಿದರು. ಅವಳು ಇನ್ನೊಂದು ಸಲ ಕೇಳಿದ್ದರೆ ಹೇಳಿಯೇ ಬಿಡುತ್ತಿದ್ದರು.

"ಗುಮಾಸ್ತ ಅಂತಲೇ ಬರೀರಿ," ಎಂದಳು ಮಗಳು.

"ಇಷ್ಟಕ್ಕೆ ಅಷ್ಟು ಹೊತ್ತು!" ಚಿಕ್ಕಪ್ಪ ಗೊಣಗುತ್ತಾ ಹೋದ.

ಅಮ್ಮ ಗೋಡೆ ಹಿಡಿದು ಎದ್ದಳು. ಕಿಟಕಿಯ ಹತ್ತಿರ ಹೋಗಿ, ಪರ್ಸಿನಿಂದ ಮೆತ್ತಗಾದ ಒಂದು ನೋಟು ತೆಗೆದು, ಗುಡ್ಡವಿದ್ದ ಬದಿಯನ್ನು ಹೊರಗೆ ತಿರುಗಿಸಿ ಬೆಳಕಿಗೆ ಹಿಡಿದಳು.

"ನಾನು ಹೀಗೆ ನೋಡ್ತಿದ್ದೆ."

ಮಗಳು ಅಮ್ಮನ ಭುಜದ ಮೇಲಿಂದ ಬಗ್ಗಿದಳು. ತೆಳು ಕಾಗದದ ಆಚೆಯಿಂದ ಬಿಸಿಲು ಹಾಯ್ದು, ಗುಡ್ಡ ಎಡಕ್ಕೆ ವಾಲಿ ನಿಂತಿತು.