ಮೂಲೆಯ ಫರ್ಸಿ

ಮಗಳು ಚಂದಮ್ಮನನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದವನು ನಾನೇ. ಜ್ವರ ಬಂದು ಅವಳ ಬಲಗಾಲು ಸೊರಗಿ ವರ್ಷವಾಗಿತ್ತು. ನಾನು ಮಾಸ್ತರನಾಗಿದ್ದ ಶಹಾಬಾದಿನ ಶಾಲೆಗೆ ಒಂಬತ್ತು ಮೆಟ್ಟಿಲು. ಎತ್ತಿಕೊಂಡು ಹೋಗುತ್ತೇನೆಂದರೆ ಹುಡುಗಿ ಒಪ್ಪಲಿಲ್ಲ.

‘ನಾನೇ ಮೆಟ್ಟಲಾ ಹತ್ತಿ ಬರ್ತೀನಿ. ಅಲ್ಲೀತನ ಬರಂಗಿಲ್ಲ’ ಎಂದಳು.

ಹನ್ನೆರಡು ವರ್ಷದವಳಿಗೆ ಅಷ್ಟು ಹಟ. ಅದು ಆಗದ ಮಾತೆಂದು ನಾನು ಒಳಗೊಳಗೇ ಕೈಬಿಟ್ಟಿದ್ದೆ. ಏಳನೆಯ ತರಗತಿಯ ಪರೀಕ್ಷೆಯನ್ನಾದರೂ ಮನೆಯಿಂದಲೇ ಪಾಸು ಮಾಡಿಸಬೇಕು ಎಂಬುದು ನನ್ನ ಲೆಕ್ಕ.

ನಮ್ಮ ಪಡಸಾಲೆಯ ನೆಲಕ್ಕೆ ಹನ್ನೆರಡು ಫರ್ಸಿ ಕಲ್ಲು. ನಮ್ಮೂರಲ್ಲಿ ಬಡವರ ಮನೆಯ ನೆಲಕ್ಕೂ ಕಲ್ಲಿನ ಹಾಸೇ, ಮಕ್ಕಳಿಗೆ ಅದೇ ಪಾಟಿ. ಹನ್ನೆರಡರ ಮೇಲೂ ಸೀಮೆಸುಣ್ಣದಿಂದ ಪಾಠ ಹಂಚಿದೆ: ಇಲ್ಲಿ ಮಗ್ಗಿ, ಇಲ್ಲಿ ವ್ಯಾಕರಣ, ಇಲ್ಲಿ ನದಿಗಳು. ನೆರೆಮನೆಯ ಮೌಲಾಲಿ ಅದನ್ನು ನೋಡಿ ತಲೆಯಾಡಿಸಿದ. ಮನೆಗಳಿಗೆ ಫರ್ಸಿ ಕೂಡಿಸುವುದು ಅವನ ಕಸುಬು.

‘ಸಂದು ಬಿಡಲಾರ್ದ ಕೂಡ್ಸಿದ್ರ ಬ್ಯಾಸಿಗ್ಯಾಗ ಫರ್ಸಿ ಎದ್ದು ಒಡೀತಾವ್ರಿ ಮಾಸ್ತರ. ಒಂದು ಫರ್ಸಿನಾರ ಆಕಿಗಿ ಬಿಡ್ರಿ.’

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಲ್ಲು ಕೂಡಿಸುವವನಿಂದ ನನಗೆ ಪಾಠವೇ ಎನಿಸಿತು. ಆದರೂ ಮೂಲೆಯದೊಂದನ್ನು ಒರೆಸಿ, ‘ಇದರ ಮ್ಯಾಲ ನಿನಗ ಬೇಕಾದ್ದು ಬರಿ, ನಾ ಕೇಳಂಗಿಲ್ಲ’ ಎಂದೆ.

ಉಳಿದ ಹನ್ನೊಂದು ನನ್ನವು. ನಾಲ್ಕು ಸಲ ಬರೆ, ಹತ್ತು ಸಲ ಬಾಯಲ್ಲಿ ಹೇಳು, ಇಷ್ಟೇ ನನ್ನ ವಿದ್ಯೆ. ಪ್ರತಿ ಸೋಮವಾರ ನನ್ನ ಹೆಂಡತಿ ಸೂಗಮ್ಮ ನೆಲ ತೊಳೆದ ಮೇಲೆ ಹೊಸ ಪಾಠ. ಮೂಲೆಯ ಫರ್ಸಿಗೆ ಮಾತ್ರ ಅವಳು ನೀರು ತಾಗಿಸುತ್ತಿರಲಿಲ್ಲ. ಅದರ ತುಂಬ ಬರೀ ಸಣ್ಣ ಗೆರೆ, ನಡುನಡುವೆ ಸೊನ್ನೆ.

ಪರೀಕ್ಷೆಗೆ ಎರಡು ತಿಂಗಳಿತ್ತು. ಒಂದು ಸಂಜೆ ಹುಡುಗಿ ಹದಿನೇಳರ ಮಗ್ಗಿಯಲ್ಲಿ ತಡವರಿಸಿದಳು. ಕಣ್ಣು ಮೂಲೆಯ ಕಡೆಗಿತ್ತು.

‘ಗೆರಿ ಎಳೀಲಿಕ್ಕ ಹೊತ್ತು ಸಿಗ್ತದ, ಮಗ್ಗಿಗಿ ಸಿಗಂಗಿಲ್ಲ’ ಎಂದವನೇ ಕೊಡದ ನೀರು ಸುರಿದು ಆ ಫರ್ಸಿಯನ್ನು ಕೈಯಾರೆ ತಿಕ್ಕಿಬಿಟ್ಟೆ. ಕೊಟ್ಟ ಮಾತು ನೆನಪಾಗಲಿಲ್ಲ.

ಅವಳು ಅಳಲಿಲ್ಲ, ತನ್ನ ಕಾಲು ನೋಡಿಕೊಂಡಳು. ಮೊರ ಕೆಳಗಿಟ್ಟು ಮಾತಾಡಿದವಳು ಸೂಗಮ್ಮ.

‘ನೀವು ಶಾಲಿಗಿ ಹೋದ ಮ್ಯಾಲ ಗ್ವಾಡಿ ಹಿಡೀಲಾರ್ದ ನಡೀತಾಳ. ಎಷ್ಟು ಫರ್ಸಿ ದಾಟಿದಳೋ ಅಷ್ಟು ಗೆರಿ. ಬಿದ್ದ ದಿನ ಸೊನ್ನಿ. ಮೆಟ್ಟಲಾ ಹತ್ತೂತನ ಅಪ್ಪಗ ಹೇಳಬ್ಯಾಡ ಅಂದಿದ್ಳು.’

ನನ್ನ ಕೈ ಇನ್ನೂ ಒದ್ದೆಯಾಗಿತ್ತು. ಅಷ್ಟು ನಾಚಿಕೆ ನನಗೆ ಯಾರೆದುರೂ ಆಗಿರಲಿಲ್ಲ.

‘ತಪ್ಪಾಯ್ತವ್ವ’ ಎಂದೆ.

‘ಹೋಗ್ಲಿ ಬಿಡಪ್ಪ. ನನಗ ಬಾಯಿಪಾಠ ಅದ.’

ಮಗ್ಗಿಯ ರಾಗದಲ್ಲೇ ಶುರು ಮಾಡಿದಳು. ‘ಸೋಮವಾರ ಒಂದು. ಮಂಗಳವಾರ ಒಂದು. ಬುಧವಾರ ಸೊನ್ನಿ. ಗುರುವಾರ ಎರಡು...’

‘ತಡಿ’ ಎಂದು ಸೀಮೆಸುಣ್ಣ ಹುಡುಕಿದೆ. ಮೂಲೆಯ ಕಲ್ಲು ಹಸಿಯಾಗಿತ್ತು, ಸುಣ್ಣ ಹತ್ತಲಿಲ್ಲ. ಹದಿನೇಳರ ಮಗ್ಗಿ ಒರೆಸಿ ಅಲ್ಲಿ ಕುಳಿತೆ. ಇಪ್ಪತ್ತು ವರ್ಷ ಉಕ್ತಲೇಖನ ಹೇಳಿದವನು ಅಂದು ಮಗಳು ಹೇಳಿದ್ದನ್ನು ಬರೆದುಕೊಂಡೆ. ಒಂದು ಫರ್ಸಿ ತುಂಬಿತು, ವ್ಯಾಕರಣವನ್ನೂ ಒರೆಸಿದೆ.

‘ನಿನ್ನಿ ಎಷ್ಟು?’

‘ಒಂಬತ್ತು.’

ಶಾಲೆಯ ಮೆಟ್ಟಿಲೂ ಅಷ್ಟೇ. ಆ ಗೆರೆ ನಾನು ಎಳೆಯಲಿಲ್ಲ. ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ.