ತೋಯಿಸದ ಮಂಡಕ್ಕಿ

ಫೋನು ಹೇಳಿದ್ದನ್ನು ಮಿನತಿ ಕೇಳಲಿಲ್ಲ. ನಾನು ಹೇಳಿದ್ದನ್ನಂತೂ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಗಿತ್ತು.

ತೋರಣಗಲ್ಲಿಗೆ ಬೇರೆ ರಾಜ್ಯಗಳಿಂದ ಬಂದ ಹೆಂಗಸರಿಗೆ ಸ್ವಂತ ವ್ಯಾಪಾರ ಕಲಿಸುವುದು ನನ್ನ ಕೆಲಸ. ಏನು ಮಾರಬೇಕು, ಹೇಗೆ ಮಾರಬೇಕು ಎಂದು ಫೋನಿನ ಎಐಯನ್ನು ಅವರವರ ಭಾಷೆಯಲ್ಲೇ ಕೇಳುವುದನ್ನು ಹೇಳಿಕೊಡುತ್ತೇನೆ. ಮಿನತಿ ಒಡಿಶಾದವಳು, ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಅವಳಿಗೆ ಮಂಡಕ್ಕಿ ಮಾರುವ ಹಟ. ಕಂಪನಿ ಬಸ್ಸು ನಿಲ್ಲುವಲ್ಲಿ ಹೋಟೆಲಿಟ್ಟಿದ್ದ ಮೂಕಣ್ಣ ತನ್ನ ಹೋಟೆಲಿನ ಮುಂದಿನ ಕಟ್ಟೆಯನ್ನು ಒಂದು ವಾರಕ್ಕೆ ಬಿಟ್ಟುಕೊಟ್ಟಿದ್ದ. ವ್ಯಾಪಾರ ಕುದುರದಿದ್ದರೆ ಸೋಮವಾರದಿಂದ ಕಟ್ಟೆ ಪಾನಿಪುರಿಯವನ ಪಾಲು.

ಮೂರು ದಿನ ಬೋಣಿಯೂ ಆಗಲಿಲ್ಲ. ನಾವು ಮಂಡಕ್ಕಿಯನ್ನು ನೀರಲ್ಲಿ ತೋಯಿಸಿ, ಹಿಂಡಿ, ಒಗ್ಗರಣೆ ಹಾಕಿ, ಮಿರ್ಚಿಯ ಜೊತೆ ತಿನ್ನುವ ಜನ. ಇವಳು ಒಣ ಮಂಡಕ್ಕಿಗೇ ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ಕೊಡುತ್ತಿದ್ದಳು.

"ಏನ್ರಿ ಟೀಚರ್, ಕೋಳಿಗೆ ಹಾಕೋ ಹಂಗ ಹಾಕ್ತಾಳಲ್ರಿ!" ಮೂಕಣ್ಣ ನಕ್ಕ.

ಫೋನನ್ನು ಕೇಳಿದೆ. ಸ್ಥಳೀಯರ ರುಚಿಗೆ ತಕ್ಕಂತೆ ತೋಯಿಸಿ ಎಂದಿತು.

"ನೋಡವ್ವಾ, ಅದೂ ಅದನ್ನ ಹೇಳ್ತೈತಿ. ತೋಯಿಸು."

"ಬ್ಯಾಡ," ಎಂದಳು. ಅವಳಿಗೆ ಚೆನ್ನಾಗಿ ಬರುತ್ತಿದ್ದ ಕನ್ನಡ ಅದೊಂದೇ.

ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ಒಡಿಯಾದಲ್ಲಿ ತರಾಟೆಗೆ ತೆಗೆದುಕೊಂಡಳು. ಅವಳ ಮಾತು ಕನ್ನಡವಾಗಿ ಪರದೆಯ ಮೇಲೆ ಮೂಡಿತು: "ತೋಯಿಸಿದ್ದು ಮಧ್ಯಾಹ್ನಕ್ಕೆ ಹಳಸುತ್ತದೆ. ನನ್ನ ಗಂಡ ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಎರಡಕ್ಕೆ ಹೊರಗೆ ಬರುತ್ತಾನೆ. ಬೆಂಕಿಯ ಪಕ್ಕ ದುಡಿಯುವವನ ಡಬ್ಬಿಯಲ್ಲಿ ಏನು ಕೆಡದೆ ಉಳಿಯುತ್ತದೆ, ಅದನ್ನು ಹೇಳು. ಹೋಟೆಲಲ್ಲಿ ಕೂತು ತಿನ್ನುವವರ ಸುದ್ದಿ ನನಗೆ ಬೇಡ."

ಫೋನು ರಾಗ ಬದಲಿಸಿತು. ಒಣ ಮಂಡಕ್ಕಿ ಒಂದು ಪೊಟ್ಟಣದಲ್ಲಿ, ಮಸಾಲೆ ಇನ್ನೊಂದರಲ್ಲಿ, ಹಸಿವಾದಾಗ ಕಲಸಿಕೊಳ್ಳಲಿ ಎಂದಿತು. ನಾನು ಕಲಿಸಿದ್ದು ಕೇಳುವುದನ್ನು ಮಾತ್ರ, ಜಗಳ ತೆಗೆಯುವುದನ್ನು ಅವಳೇ ಕಲಿತಿದ್ದಳು. ನನಗೆ ನಾಚಿಕೆಯಾಯಿತು.

ಮರುದಿನದಿಂದ ಅವಳು ಹಾಗೇ ಜೋಡಿ ಪೊಟ್ಟಣ ಕಟ್ಟಿ, ಬೆಳಿಗ್ಗೆ ಶಿಫ್ಟಿಗೆ ಹೊರಟವರಿಗೆ ಮಾರತೊಡಗಿದಳು. ಶನಿವಾರ ಕಂಪನಿ ಬಸ್ಸು ಹೊರಡುವಷ್ಟರಲ್ಲಿ ಬುಟ್ಟಿ ಬರಿದು. ಮೂಕಣ್ಣ ಬಂದ.

"ಕಟ್ಟಿ ನಿನಗ ಇರ್ಲವ್ವ. ಆದ್ರ ನನ್ನ ಹೋಟ್ಲ ಹೆಸರ್ನಾಗ ಮಾರು, ತೋಯಿಸಿದ್ದೂ ಇಡು. ಇಲ್ಲಾಂದ್ರ ಜಲ್ದಿ ಜಾಗ ಖಾಲಿ ಮಾಡು."

ಕಟ್ಟೆ ಹೋದರೆ ಅವಳಿಗೆ ಬೇರೆ ನೆಲೆಯಿಲ್ಲ. ಒಪ್ಪಿಕೊಳ್ಳೇ ಎಂದು ನಾನೇ ಕಣ್ಸನ್ನೆ ಮಾಡಿದೆ.

"ಬ್ಯಾಡ," ಎಂದವಳೇ ಬುಟ್ಟಿ ತಲೆಗೇರಿಸಿ ರಸ್ತೆ ದಾಟಿದಳು. ಎದುರಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕೂತಳು.

ಸೋಮವಾರ ಬೆಳಿಗ್ಗೆ ಆರರ ಶಿಫ್ಟಿನವರು ಮೂಕಣ್ಣನ ಕಟ್ಟೆಯ ಮುಂದೆಯೇ ಹಾದು ರಸ್ತೆ ದಾಟಿದರು. ಒಡಿಶಾದವರಷ್ಟೇ ಅಲ್ಲ, ಪಕ್ಕದ ವಡ್ಡು ಊರಿನ ನಮ್ಮ ಹುಡುಗರೂ ಇದ್ದರು. ಖುಷಿಗೆ ನನ್ನ ಕಣ್ಣು ತುಂಬಿ ಬಂತು.

ಬೋರ್ಡಿಗೆಂದು ಫೋನು ಹತ್ತು ಚೆಂದದ ಹೆಸರು ಕೊಟ್ಟಿತು. ಒಂದನ್ನೂ ಅವಳು ಒಪ್ಪಲಿಲ್ಲ. ತಾನೇ ಹೇಳಿ ನನ್ನಿಂದ ಬರೆಸಿದಳು. ಈಗ ಮೂಕಣ್ಣ ಗಲ್ಲಾದಲ್ಲಿ ಕೂತರೆ ಎದುರಿಗೆ ಕಾಣುವುದು ಅದೇ:

"ಮಿನತಿ ಮಂಡಕ್ಕಿ. ತೋಯಿಸುವುದಿಲ್ಲ."