ಕಣ್ಣು ಮುಚ್ಚಿದ ಸಾಲು

ಗುಡ್ಡದ ಮೇಲಿನ ವೀಕ್ಷಣಾಲಯದ ಫಲಕದಲ್ಲಿ ‘ಆಕಾಶ ದರ್ಶನ’ ಎಂದು ಇದ್ದದ್ದು, ಆ ವರ್ಷದ ಗಣಪತಿ ಹಬ್ಬ ಮುಗಿದ ಮೇಲೆ ‘ಶನಿ ದರ್ಶನ’ ಎಂದಾಯಿತು. ಬದಲಿಸಿದವರು ಅದನ್ನು ನಡೆಸುವ ಹವ್ಯಾಸಿ ಮಂಡಳದ ಅಧ್ಯಕ್ಷ ಪದ್ಮಾಕರರಾವ್. ಸಾತಾರಾ ಸೀಮೆಯ ಆ ಸಣ್ಣ ಊರಿನ ಹವ್ಯಾಸಿಗಳು ತಾವೇ ಕಲ್ಲು ಹೊತ್ತು, ತಗಡು ಹೊದಿಸಿ ಕಟ್ಟಿಕೊಂಡ ವೀಕ್ಷಣಾಲಯ ಅದು. ಸಂಬಳದವರು ಅಲ್ಲಿ ಯಾರೂ ಇರಲಿಲ್ಲ. ಬಹಳ ಸಲ ನೋಡುವವರೂ ಇರುತ್ತಿರಲಿಲ್ಲ.

“ಆಕಾಶ ನೋಡ್ಲಿಕ್ಕೆ ಯಾರು ಬರ್ತಾರ್ರೀ ವಹಿನಿ?” ಎಂದರು, ವೈಜಯಂತಿಯನ್ನು ಅತ್ತಿಗೆ ಎಂದೇ ಕರೆಯುವ ಪದ್ಮಾಕರರಾವ್. “ಆಕಾಶ ಎಲ್ಲಾರ ಮನಿ ಮ್ಯಾಲೂ ಐತಿ. ಶನಿ ಅಂದು ನೋಡ್ರಿ, ಕುಂಟರೂ ಗುಡ್ಡ ಹತ್ತತಾರ.”

“ಹತ್ತತಾರ, ಖರೆ. ಹತ್ತಿ ಬಂದು ನೋಡ್ತಾರೇನ್ರಿ?” ಎಂದಳು ವೈಜಯಂತಿ.

ಹಾಗೆ ಕೇಳುವ ಹಕ್ಕು ಅವಳಿಗಿತ್ತು. ದೂರದರ್ಶಕದ ತಳದಲ್ಲಿದ್ದ ದೊಡ್ಡ ಕನ್ನಡಿ ಅವಳೇ ತಿಕ್ಕಿ ಮಾಡಿದ್ದು. ಮಗಳು ಕೇತಕಿ ಆಗ ತೊಟ್ಟಿಲ ಕೂಸು. ಕೂಸು ಮಲಗಿದಾಗ, ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ, ಹಿತ್ತಲ ಕೋಣೆಗೆ ಹೋಗಿ ಗಾಜಿನ ಮೇಲೆ ಗಾಜಿಟ್ಟು, ನಡುವೆ ಮರಳಿನಂಥ ಪುಡಿ ಉದುರಿಸಿ, ನೀರು ಚಿಮುಕಿಸಿ ತಿಕ್ಕುತ್ತಿದ್ದಳು. “ಎಂಥಾ ಬೀಸೂಕಲ್ಲವ್ವಾ ಇದು, ಎಷ್ಟು ಬೀಸಿದ್ರೂ ಹಿಟ್ಟು ಬರಂಗಿಲ್ಲ!” ಎಂದು ಅತ್ತೆ ದ್ವಾರಕಾಬಾಯಿ ನಗುತ್ತಿದ್ದರು. ನಗುತ್ತಲೇ ಸೊಸೆಯ ಪಾಲಿನ ಭಾಕರಿಯನ್ನೂ ತಾವೇ ಬಡಿದರು, ಕೂಸಿನ ಬಟ್ಟೆಯನ್ನೂ ತೊಳೆದರು. ಗಾಜು ಹದಕ್ಕೆ ಬಂದು, ಪುಣೆಯಲ್ಲಿ ಅದಕ್ಕೆ ಅಲ್ಯೂಮಿನಿಯಂ ಲೇಪ ಹಾಕಿಸಿ ತಂದು ಕೂರಿಸಿದ ದಿನ, ವೈಜಯಂತಿ ಮೊದಲ ಸಲ ಶನಿಯನ್ನು ನೋಡಿದಳು. ಕಪ್ಪು ನೀರಿನಲ್ಲಿ ತೇಲುವ ಒಂದು ಹಳದಿ ಕಾಳು, ಅದರ ಸುತ್ತ ತೆಳ್ಳಗೆ ಒಂದು ಬಳೆ. ಪುಸ್ತಕದ ಚಿತ್ರ ಸುಳ್ಳಲ್ಲ, ಅದು ನಿಜವಾಗಿಯೂ ಅಲ್ಲಿದೆ! ಅವಳಿಗೆ ಅಳು ಬಂದಿತ್ತು. ಬಂದವರೆಲ್ಲ ಅದನ್ನು ತಮ್ಮ ಕಣ್ಣಿನಿಂದ ಕಾಣಬೇಕು ಎಂಬುದೊಂದೇ ಅಂದಿನಿಂದ ಅವಳ ಆಸೆ. ಅದಕ್ಕಾಗಿಯೇ ಅವಳು ಶನಿವಾರ ಬೇಗನೆ ಅಡುಗೆ ಮುಗಿಸಿ ಗುಡ್ಡ ಹತ್ತುತ್ತಿದ್ದಳು.

ಫಲಕ ಬದಲಾದ ಮೇಲೆ ಜನ ಬಂದರು. ಚಪ್ಪಲಿ ದೂರ ಬಿಟ್ಟು, ಎಕ್ಕದೆಲೆಯ ಹಾರ ಹಿಡಿದು ಸಾಲಾಗಿ ನಿಂತರು. ಸರದಿ ಬಂದವರು ದೂರದರ್ಶಕವನ್ನು ಮುಟ್ಟಿ ನಮಸ್ಕರಿಸುವರು. ಮುಟ್ಟಿದ್ದೇ ತಡ ಶನಿ ಜಾರಿ ಹೋಗುವನು. ವೈಜಯಂತಿ ಮತ್ತೆ ಹುಡುಕಿ ತಂದು ನಿಲ್ಲಿಸುವಳು. ಆಮೇಲೆ ಅವರು ಬಗ್ಗಿ, ಮಸೂರಕ್ಕೆ ಮುಖವಿಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುವರು. ಶನಿಯ ದೃಷ್ಟಿಗೆ ದೃಷ್ಟಿ ಕೊಡಬಾರದಲ್ಲ!

“ಅಜ್ಜಾ, ಕಣ್ಣು ತೆರೀರಿ.”

“ನನ್ನ ಕೊಲ್ಲಬೇಕಂತೀಯೇನವ್ವಾ? ಅವನ ಕಣ್ಣಾಗ ಕಣ್ಣಿಟ್ಟು ಉದ್ಧಾರ ಆದವರು ಯಾರು?”

“ಅಲ್ಲಿ ಕಣ್ಣಿಲ್ಲ ಅಜ್ಜಾ, ಚೆಂದನ್ನ ಉಂಗುರ ಐತಿ.”

“ಉಂಗುರ ನೀನ ಇಟ್ಕೋ. ನನ್ನ ಸಾಡೇಸಾತಿ ತೊಲಗಿದ್ರ ಸಾಕು.”

ಸಾಲಿಗೆ ಸಾಲೇ ನಕ್ಕಿತು. ವೈಜಯಂತಿಯೂ ನಕ್ಕಳು. ಉಣ್ಣಲೊಲ್ಲದ ಮಗುವಿಗೆ ತುತ್ತು ತಿನ್ನಿಸುವವಳ ಹಾಗೆ ಒಬ್ಬೊಬ್ಬರನ್ನೇ ಪುಸಲಾಯಿಸಿದಳು. ಕೆಲವರು ಒಂದು ಕಣ್ಣು ತೆರೆದರು. ಒಬ್ಬ ಹುಡುಗಿ, “ಆಯೀ, ಬಳಿ!” ಎಂದು ಚೀರಿದಳು. ಆ ಒಂದು ಕೂಗಿಗೆ ವೈಜಯಂತಿ ಉಳಿದವರನ್ನೆಲ್ಲ ಕ್ಷಮಿಸಿದಳು.

ಇನ್ನೊಂದು ಶನಿವಾರ, ಮಕ್ಕಳಿಗೆಂದು ಇಟ್ಟಿದ್ದ ಸ್ಟೂಲು ಹತ್ತಿದ ಹೆಂಗಸೊಬ್ಬಳು ಸೆರಗಿನೊಳಗಿಂದ ಬಾಟಲಿ ತೆಗೆದು, ದೂರದರ್ಶಕದ ತೆರೆದ ಬಾಯೊಳಗೆ ಎಳ್ಳೆಣ್ಣೆ ಸುರಿದೇಬಿಟ್ಟಳು. ಎಣ್ಣೆ ಕೊಳವೆಯುದ್ದಕ್ಕೂ ಇಳಿದು ಕನ್ನಡಿಯ ಮೇಲೆ ನಿಂತಿತು.

“ಏನು ಮಾಡಿದ್ರಿ ಬಾಯೀ!”

“ಮಗಳ ಮದುವಿ ಮೂರು ಸಲ ಮುರೀತ್ರಿ,” ಎಂದು ಆಕೆ ಅಳತೊಡಗಿದಳು. “ದರ್ಶನ ಅಂತ ಬರದೀರಲ್ರಿ ಬೋರ್ಡಿನ ಮ್ಯಾಲ? ಎಣ್ಣಿ ಇಲ್ಲದ ಶನಿ ದರ್ಶನ ಎಲ್ಲಿ ಐತ್ರಿ?”

ವೈಜಯಂತಿ ಆಕೆಯ ಕೈ ಹಿಡಿದು ಇಳಿಸಿ, ನೀರು ಕುಡಿಸಿ ಬರುವಷ್ಟರಲ್ಲಿ ಪದ್ಮಾಕರರಾವ್ ತಳ ಬಿಚ್ಚಿ, ಹೆಗಲ ಮೇಲಿನ ವಸ್ತ್ರದಿಂದ ಕನ್ನಡಿಯನ್ನು ಗಸಗಸ ಒರೆಸುತ್ತಿದ್ದರು. “ಚಿಂತಿ ಬ್ಯಾಡ ವಹಿನಿ, ಫಳಫಳ ಮಾಡೀನಿ.” ಎಣ್ಣೆಯಲ್ಲಿ ಧೂಳು ಕಲೆತಿತ್ತು. ಲೇಪದ ತುಂಬ ಗೀರು. ಬರೀ ಎಣ್ಣೆಯಾಗಿದ್ದರೆ ತೊಳೆದು ತೆಗೆಯಬಹುದಿತ್ತು.

ಅಂದು ಸಾಲು ಕರಗಲಿಲ್ಲ. ಕನ್ನಡಿಯನ್ನು ಮತ್ತೆ ಕೂರಿಸಿದರು. ಕಣ್ಣು ತೆರೆದವರಿಗೆ ಕಂಡದ್ದು ಬರೀ ಒಂದು ಕಲೆ. ಎಲ್ಲರೂ ಕೈಮುಗಿದು, ತೃಪ್ತಿಯಿಂದ ಇಳಿದು ಹೋದರು.

“ಕನ್ನಡಿ ಪುಣೆಗೆ ಒಯ್ತೀನಿ,” ಎಂದಳು ವೈಜಯಂತಿ. “ಹೊಸ ಲೇಪ ಹಾಕಿಸಬೇಕು. ಅಲ್ಲೀತನಕ ಏನೂ ಕಾಣಂಗಿಲ್ಲ.”

“ಒಯ್ಯಿರಿ, ಒಯ್ಯಿರಿ. ನಿಮ್ಮ ಕನ್ನಡಿ, ನಿಮ್ಮ ಇಷ್ಟ,” ಎಂದರು ಪದ್ಮಾಕರರಾವ್. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಕನ್ನಡಿ ಬರುವವರೆಗೆ ಬಾಗಿಲು ಹಾಕಿರುತ್ತದೆ ಎಂದೇ ಅವಳು ತಿಳಿದಳು. ಹಳೆಯ ಸೀರೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿ ಒಯ್ದು ಪುಣೆಯಲ್ಲಿ ಕೊಟ್ಟು ಬಂದಳು. ಎಣ್ಣೆಯ ಸುದ್ದಿ ಕೇಳಿದರೆ ಅತ್ತೆ ನೊಂದಾರೆಂದು ಮನೆಯಲ್ಲಿ ಏನೂ ಹೇಳಲಿಲ್ಲ.

ಮುಂದಿನ ಶನಿವಾರ ಕೇತಕಿಗೆ ಜ್ವರ. ವೈಜಯಂತಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಮಗ್ಗುಲಲ್ಲೇ ಕುಳಿತಿದ್ದಳು. ಸಂಜೆ ನೆರೆಮನೆಯವರ ಜೀಪಿನಲ್ಲಿ ಎಲ್ಲಿಗೋ ಹೋಗಿದ್ದ ಅತ್ತೆ, ಕತ್ತಲಾಗಿ ಬಹಳ ಹೊತ್ತಾದ ಮೇಲೆ ಮರಳಿ ಬಂದರು. ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಮೇಲೇ ಕುಳಿತರು. ಮುಖ ಅರಳಿತ್ತು.

“ಹೇಳದ ಹೋಗಿದ್ದೆ. ನೀ ಬ್ಯಾಡ ಅಂತಿದ್ದಿ. ಗುಡ್ಡಕ್ಕ ಹೋಗಿದ್ದೆ, ವೈಜೂ.”

“ಗುಡ್ಡಕ್ಕ? ಬಾಗಿಲು ಹಾಕಿರಬೇಕಲ್ಲ, ಆಯೀ.”

“ಯಾಕ ಹಾಕ್ತಾರ? ಸಾಲು ಕೆಳಗಿನ ಬಾವೀತನಕ ಇತ್ತು. ಪದ್ಮಾಕರರಾಯರು ನನ್ನ ನೋಡಿ, ಕನ್ನಡಿ ಮಾಡಿದವರ ಅತ್ತಿ ಬಂದಾರ, ದಾರಿ ಬಿಡ್ರಿ ಅಂದ್ರು ನೋಡು!” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಎಲ್ಲಾರೂ ಕಣ್ಣು ಮುಚ್ಚಿದ್ರು. ನಾ ಮುಚ್ಚಲಿಲ್ಲ. ನನ್ನ ಸೊಸಿ ವರ್ಷಗಟ್ಟಲೆ ತಿಕ್ಕಿದ ಕನ್ನಡಿ, ನಾನ ಕಣ್ಣು ಮುಚ್ಚಿದ್ರ ಹ್ಯಾಂಗ? ಧೈರ್ಯ ಮಾಡಿ ತೆರದ ನೋಡಿದೆ.”

ವೈಜಯಂತಿಯ ಕೈಯಲ್ಲಿನ ಬಟ್ಟೆಯಿಂದ ನೀರು ಇಳಿಯುತ್ತಿತ್ತು. “ಏನು ಕಾಣಿಸ್ತು?”

“ಬೂದಿ ಬಣ್ಣ. ಮಬ್ಬು ಮಬ್ಬು. ನಡುವ ಕಪ್ಪಗ. ಶನಿ ಮಹಾರಾಜ ಕಪ್ಪನ್ನವನ ಅಲ್ಲೇನು? ಉಂಗುರ ಮಾತ್ರ ಕಾಣಲಿಲ್ಲವ್ವಾ. ನನ್ನ ಕಣ್ಣಿಗೆ ಪೊರಿ ಬಂದಿರಬೇಕು.” ಅವರು ಸೊಸೆಯ ಮುಖ ನೋಡಿದರು. “ಅಂವನ ಹೌದಲ್ಲ?”

ಕನ್ನಡಿಯಿಲ್ಲದ ಖಾಲಿ ಕೊಳವೆ. ಅದರ ತಳದಿಂದ ನುಗ್ಗುವ ಊರ ದೀಪದ ಬೆಳಕು.

“ಹೌದು ಆಯೀ,” ಎಂದಳು ವೈಜಯಂತಿ. “ಅಂವನ.”

ಮರುದಿನ ಬೆಳಿಗ್ಗೆ ಅತ್ತೆ ನಲ್ಲಿಯ ಬಳಿ ನೆರೆಯವರಿಗೆಲ್ಲ ಹೇಳುತ್ತಿದ್ದರು: “ಹೆದರಬ್ಯಾಡ್ರಿ, ಕಣ್ಣು ತೆರದ ನೋಡ್ರಿ. ನಾ ನೋಡೀನಿ. ಬೇಕಾದ್ರ ನಮ್ಮ ಸೊಸೀನ ಕೇಳ್ರಿ.”

ಯಾರೋ ಕೇಳಲು ಬಂದರು. ವೈಜಯಂತಿ ಕೇತಕಿಯ ಗಂಜಿ ಆರಿಸುವ ನೆಪ ಮಾಡಿ ಒಳಗೇ ಉಳಿದಳು.